ಕಡಲ್‌ಕಾಕ್ಕನಿಗೆ ಕುಲಗೋಡದ ಆಹೇರಿ

ಊಟಕ್ಕೆ ಕುಳಿತವನ ಮುಂದೆ ಗುಲಾಬಿ ಬಣ್ಣದ ಬಿಸಿನೀರು ತಂದಿಟ್ಟರು. ಗ್ಲಾಸಿನಿಂದ ಹಬೆ ಏಳುತ್ತಿತ್ತು. ಕೊಚ್ಚಿಯಲ್ಲಿ ಅದು ನನ್ನ ಮೊದಲ ಮಧ್ಯಾಹ್ನ. ಮೂಡಲಗಿಯಿಂದ ಬೆಲ್ಲ ಹೇರಿಕೊಂಡು ಬಂದ ಲಾರಿಗೆ ನಾನು ಕ್ಲೀನರ್. ಚಿಕ್ಕಂದಿನಿಂದ ಓದಿದ ಕಾಮಿಕ್ಸುಗಳಲ್ಲಿ ಇಂಥ ಬಣ್ಣದ ನೀರು ಕುಡಿದವನು ಮುಂದಿನ ಪುಟದಲ್ಲಿ ಗೋಡೆ ಒಡೆದುಕೊಂಡು ಹೊರಬರುತ್ತಾನೆ. ನನಗೆ ಧೈರ್ಯ ಸಾಲಲಿಲ್ಲ. ಗ್ಲಾಸು ಎತ್ತಿ, ಎದ್ದು ಹೋಗಿ, ಅದರಲ್ಲಿ ಚೊಕ್ಕಾಗಿ ಕೈ ತೊಳೆದುಕೊಂಡೆ.

"ಏ ಹುಚ್ಚಪ್ಪ, ಅದು ಕುಡಿಯೂ ನೀರಲೇ!" ಅಂತ ಡ್ರೈವರ್ ತಲೆ ಚಚ್ಚಿಕೊಂಡ. ಹೋಟೆಲಿನವನು ಇನ್ನೊಂದು ಗ್ಲಾಸು ತಂದಿಟ್ಟು ಹೋದ. ಅದು ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು. ಇಲ್ಲಿ ಎಲ್ಲರೂ ಊಟಕ್ಕೆ ಅದನ್ನೇ ಕುಡಿಯುತ್ತಾರೆ. ಈಗ ನಾನೂ ಕುಡಿಯುತ್ತೇನೆ. ಇನ್ನೂ ಹಾರಲು ಬಂದಿಲ್ಲ.

ಬೆಲ್ಲ ಇಳಿಸಿ ಲಾರಿ ತಿರುಗಿ ಊರಿಗೆ ಹೋಯಿತು, ನಾನು ಉಳಿದೆ. ಈ ಊರಿನ ಬಿಸಿಲಿಗೂ ಜನರ ಬಾಯಾರಿಕೆಗೂ ಕಬ್ಬಿನ ಹಾಲು ಬೇಕೇ ಬೇಕು ಅಂತ ಆ ದಿನವೇ ನನಗೆ ಹೊಳೆದಿತ್ತು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಕಬ್ಬು ಕಡಿಯುವ ಗ್ಯಾಂಗಿಗೆ ಸೇರಿದವನು ನಾನು. ಕಬ್ಬಿನ ಜೊತೆ ನನಗೆ ಸಲಿಗೆ ಇದೆ. ಬೋಟು ಹಿಡಿಯುವ ಜೆಟ್ಟಿಯ ಬಾಜೂ ಕಬ್ಬು ಹಿಂಡುವ ಒಂದು ಗಾಡಿ ಇಟ್ಟೆ. ಯಂತ್ರದ ಗಾಲಿಗೆ ಗೆಜ್ಜೆ ಕಟ್ಟಿದೆ. ಇಲ್ಲಿಯವರು ಬಸ್ಸಿಗೆ ಹೋದಂತೆ ಬೋಟಿಗೆ ಹೋಗುತ್ತಾರೆ, ಆಫೀಸಿಗೆ, ಸಾಲಿಗೆ, ಬೀಗರ ಮನೆಗೆ. ನಮ್ಮಲ್ಲಿ ಗೋಕಾಕ ಬಸ್ಸು ತಪ್ಪಿದರೆ ಕಂಡಕ್ಟರನನ್ನು ಬೈಯುತ್ತೇವೆ. ಇಲ್ಲಿ ಬೋಟು ತಪ್ಪಿದವರು ನನ್ನಲ್ಲಿಗೆ ಬಂದು ಒಂದು ಗ್ಲಾಸು ಕುಡಿದು ಮುಂದಿನ ಬೋಟಿಗೆ ಹೋಗುತ್ತಾರೆ. ಹಿಂಗಾಗಿ ಬೋಟು ತಪ್ಪಿಸಿಕೊಳ್ಳುವವರ ಮೇಲೆ ನನಗೆ ಭಾಳ ಪ್ರೀತಿ.

ಎರಡು ವರ್ಷದ ನಂತರ ಹೆಂಡತಿ ಮಾಳವ್ವನನ್ನೂ ಕರೆಸಿಕೊಂಡೆ. ಹಂಚಿನ ಮನೆಯ ಹಿಂದಿನ ಒಂದು ಖೋಲಿ ನಮ್ಮದು. ನಾನು ಊರಿಂದ ತಂದಿದ್ದ ಕರಿ ಕಂಬಳಿಯನ್ನು ಅವಳು ಬಂದ ದಿನವೇ ಬಿಡಿಸಿ ನೋಡಿ ನಕ್ಕಳು.

"ಏನ್ರಿ, ನಿಮ್ಮ ಕಂಬಳಿಗೆ ಮೀಸಿ ಬಂದಾವ ನೋಡ್ರಿ!"

ಖರೆ, ಬೂಸು ಹಿಡಿದು ಬೆಳ್ಳಗೆ ಕೂದಲು ಎದ್ದಿತ್ತು. ನಮ್ಮ ಕಡೆ ಕಂಬಳಿ ಅಪ್ಪನಿಂದ ಮಗನಿಗೆ ಬರುತ್ತದೆ, ಕುರಿ ಹಿಂಡಿನ ಹಿಂದೆ ಬಿಸಿಲು ಮಳೆ ತಿಂದು ಇನ್ನೂ ಗಟ್ಟಿಯಾಗುತ್ತದೆ. ಇಲ್ಲಿಯ ಗಾಳಿಯಲ್ಲಿ ಅರ್ಧ ನೀರು. ಉಪ್ಪು ಕರಗಿ ನಿಲ್ಲುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಮಾಳವ್ವ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಬಾಜೂ ಮನೆಯ ಮುದುಕಿ ಗೋಡೆ ಬೀಳುತ್ತಿದೆಯೋ ಅಂತ ನೋಡಲು ಬಂದಿದ್ದಳು. ರೊಟ್ಟಿ ತಿಂದು ಹೋದಳು. ಮರುದಿನ ಆ ಸಪ್ಪಳ ಶುರುವಾಗುವ ಹೊತ್ತಿಗೆ ತಾನೇ ಒಂದು ಮಣೆ ತಂದು ಕುಳಿತಳು. ಮಾಳವ್ವ ಅವಳಿಂದಲೇ ಮಲಯಾಳ ಕಲಿತಳು, ನನಗಿಂತ ಬೇಗ.

ನಾನು ಕಲಿತದ್ದು ಕಾಮಿಕ್ಸಿನಿಂದ.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಸಾಲಿ ಬಿಟ್ಟೆ ನಿಜ, ಓದು ಬಿಡಲಿಲ್ಲ. ಗೋಕಾಕ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ರದ್ದಿ ಅಂಗಡಿ ಇತ್ತು. ಅಲ್ಲಿ ಕಟ್ಟುಗಟ್ಟಲೆ ಹಳೆ ಕಾಮಿಕ್ಸು ಬರುತ್ತಿದ್ದವು, ಕನ್ನಡದವು, ಮರಾಠಿಯವು. ಮೇಲಿನ ಹಾಳೆಯನ್ನೂ ಕೊನೆಯ ಹಾಳೆಗಳನ್ನೂ ಚುರುಮುರಿ ಚೂಡಾ ಕಟ್ಟಲು ಹರಿದುಕೊಂಡು ಉಳಿದದ್ದನ್ನು ಮಾರುತ್ತಿದ್ದರು. ನಾನೂ ಗೆಳೆಯ ಯಲ್ಲಪ್ಪನೂ ಅವನ್ನು ತಂದು ಕುಲಗೋಡದ ಕಟಿಂಗ್ ಅಂಗಡಿಯ ಮುಂದೆ ಕುಳಿತು ಓದುತ್ತಿದ್ದೆವು. ನಾನು ಗಟ್ಟಿಯಾಗಿ ಓದುವವ, ಅವನು ಹೂಂಗುಟ್ಟುವವ. ಕೊನೆಯ ಪುಟ ಇಲ್ಲದ್ದರಿಂದ ಮುಕ್ತಾಯ ನಾವೇ ಕಟ್ಟಬೇಕು. ಯಾರ ಮುಕ್ತಾಯವನ್ನು ಕಟಿಂಗಿಗೆ ಕುಳಿತ ಹಿರಿಯರು ಮೆಚ್ಚುತ್ತಾರೋ ಪುಸ್ತಕ ಅವನದು. ಹಿಂಗಾಗಿ ನಮ್ಮ ಪಾಲಿಗೆ ಯಾವ ಸೂಪರ್ ಹೀರೋನೂ ಸತ್ತಿಲ್ಲ. ಕಾಮಿಕ್ಸಿನ ಮಾತು ಬಂದರೆ ಊರಲ್ಲಿ "ಬೀರಪ್ಪನ್ನ ಕೇಳ್ರಿ" ಅನ್ನುತ್ತಿದ್ದರು. ದೊಡ್ಡ ಪದವಿಯೇನಲ್ಲ, ಆದರೆ ನನ್ನದು.

ಕೊಚ್ಚಿಯಲ್ಲಿ ಆ ಪದವಿ ಇರಲಿ, ನನಗೆ ಹೆಸರೇ ಇರಲಿಲ್ಲ. ಹೊರಗಿನಿಂದ ದುಡಿಯಲು ಬಂದವರೆಲ್ಲ ಇಲ್ಲಿ 'ಭಾಯಿ'. ಒರಿಸ್ಸಾದವನೂ ಭಾಯಿ, ಅಸ್ಸಾಮಿನವನೂ ಭಾಯಿ, ಕುಲಗೋಡದ ಬೀರಪ್ಪನೂ ಭಾಯಿ. ನಾನು ಮಲಯಾಳದಲ್ಲಿ ಮಾತಾಡಿಸಿದರೆ ಅವರು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ನನಗೆ ಸುಲಭವಾಗಲಿ ಅಂತ. ಆದರೂ ಚುಚ್ಚುತ್ತಿತ್ತು.

ನನ್ನ ಗಾಡಿಯ ಹಿಂದೆಯೇ ಹಳೆ ಪುಸ್ತಕದ ಒಂದು ಅಂಗಡಿ. ಸೂಸಿ ಚೇಚ್ಚಿಯದು. ಚೇಚ್ಚಿ ಅಂದರೆ ಅಕ್ಕ. ಅರವತ್ತು ದಾಟಿದ ಹೆಣ್ಣುಮಗಳು, ಕನ್ನಡಕ ಕುತ್ತಿಗೆಯಲ್ಲಿ ನೇತಾಡುತ್ತದೆ, ನಾಲಗೆ ಮಾತ್ರ ಕಬ್ಬು ಕಡಿಯುವ ಕೊಯ್ತಾ. ಅಲ್ಲಿ ನಾನು ಮೊದಲು ಓದಿದ ಮಲಯಾಳದ ಅಕ್ಷರ 'ಠ'. ನಮ್ಮ ಠದ ಹೊಟ್ಟೆಯಲ್ಲಿ ಚುಕ್ಕಿ ಇರುತ್ತದೆ, ಇಲ್ಲಿಯದು ಬರೀ ಸೊನ್ನೆ. ಕಾಮಿಕ್ಸಿನಲ್ಲಿ ಬಾಂಬು ಸಿಡಿದಲ್ಲೆಲ್ಲ 'ಠೋ' ಅಂತ ದಪ್ಪಗೆ ಬರೆದಿರುತ್ತದೆ. ಮೊದಲು ಸಪ್ಪಳಗಳನ್ನು ಓದಲು ಕಲಿತೆ, ಆಮೇಲೆ ಬೈಗುಳ, ಆಮೇಲೆ ಮಾತು. ಹೊಸ ಭಾಷೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಅಲ್ಲಿಯೇ ಸಿಕ್ಕವನು ಕಡಲ್‌ಕಾಕ್ಕ.

ಕಡಲ್‌ಕಾಕ್ಕ ಅಂದರೆ ಸಮುದ್ರದ ಮೇಲೆ ಹಾರಾಡುವ ಬಿಳಿ ಹಕ್ಕಿ. ವಿನೀತ್ ಎಂಬ ಸಣಕಲು ಹುಡುಗ ಬರೆದು ಚಿತ್ರ ತೆಗೆಯುವ ಕಾಮಿಕ್ಸು ಅದು, ವರ್ಷಕ್ಕೊಂದು ಬರುತ್ತದೆ. ಹೀರೋ ಹಗಲಲ್ಲಿ ಬೋಟಿನ ಹಗ್ಗ ಎಸೆಯುವ ಕೆಲಸಗಾರ, ವೈಪಿನ್ ನಡುಗಡ್ಡೆಯವನು. ಉಪ್ಪುನೀರಿನ ಮೇಲೆ ಇರುವವರೆಗೆ ಅವನು ಹಾರಬಲ್ಲ. ನೆಲಕ್ಕೆ ಬಂದನೆಂದರೆ ನಮ್ಮ ನಿಮ್ಮ ಹಾಗೆ. ಬಸ್ಸಿಗೆ ಕಾಯಬೇಕು, ಚಪ್ಪಲಿ ಹರಿಯುತ್ತದೆ.

ಈಗಿನ ಸೂಪರ್ ಹೀರೋ ಕಾಮಿಕ್ಸುಗಳ ಬಗ್ಗೆ ನನ್ನ ತಕರಾರು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು, ಶಕ್ತಿ ವಿಪರೀತ ಆಗಿದೆ. ಒಬ್ಬ ಚಂದ್ರನನ್ನು ನೂಕುತ್ತಾನೆ, ಇನ್ನೊಬ್ಬ ಸೂರ್ಯನನ್ನು ನುಂಗುತ್ತಾನೆ. ಇಷ್ಟು ದೊಡ್ಡ ಜಗಳದಲ್ಲಿ ಯಾರ ಮನೆಯ ತಗಡಿನ ಪತ್ರಾಸು ಹಾರಿತು ಅಂತ ಯಾರೂ ನೋಡುವುದಿಲ್ಲ. ಕಡಲ್‌ಕಾಕ್ಕ ಎತ್ತುವುದು ಹೆಚ್ಚೆಂದರೆ ಒಂದು ಬೋಟು. ಅದಕ್ಕೂ ಮೂರು ದಿನ ಬೆನ್ನು ನೋವು. ಅದರಲ್ಲಿ ನನಗೆ ನಂಬಿಕೆ ಬರುತ್ತದೆ. ಎರಡನೆಯದು, ಉಡುಪು. ಹೊಸ ಪುಸ್ತಕ ಬಂದಾಗೆಲ್ಲ ಹೊಸ ಉಡುಪು. ಈ ವಿಷಯದಲ್ಲಿ ಯಲ್ಲಪ್ಪ ಮತ್ತು ನಾನು ಒಂದೇ. ಅವನು ಈಗ ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಹೈವೇಗೆ ಹತ್ತಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ನಾನು ಪುಟಗಳ ಫೋಟೋ ಕಳಿಸುತ್ತೇನೆ, ಅವನು ಫೋನ್ ಮಾಡುತ್ತಾನೆ.

"ಲೇ ಬೀರ್ಯಾ, ನಿನ್ನ ಹೀರೋಗೋಳಿಗೆ ಅರಬಿ ಹೊಲಿಯೂ ಸಿಂಪಿಗ್ಯಾ ಯಾರೋ? ನಮ್ಮ ಸಿಂಪಿಗ್ಯಾ ಒಂದ ಅಂಗಿ ಕೊಡಾಕ ದೀಪಾವಳಿ ಮುಗಸ್ತಾನ."

"ಕಡಲ್‌ಕಾಕ್ಕಂದು ಅವರವ್ವ ಹೊಲದಾಳ. ಮೊಳಕಾಲಿಗೆ ತ್ಯಾಪಿ ಐತಿ, ಫೋಟೋ ದೊಡ್ಡದ ಮಾಡಿ ನೋಡ."

"ಹೌದಲ್ಲೋ! ಈ ಹುಡುಗಾ ಶಾಣ್ಯಾ ಅದಾನ."

ಮೂರನೆಯ ತಕರಾರು: ಈಗಿನ ಕಾಮಿಕ್ಸಿಗೆ ಕೊನೆಯ ಪುಟ ಇದ್ದರೂ ಕೊನೆ ಇರುವುದಿಲ್ಲ. ಹೀರೋ ಸಾಯುತ್ತಾನೆ, ನಾಲ್ಕು ತಿಂಗಳಿಗೆ ಎದ್ದು ಬರುತ್ತಾನೆ. ರದ್ದಿ ಅಂಗಡಿಯವನೇ ವಾಸಿ. ಹರಿದು ಕೊಡುತ್ತಿದ್ದ, ಮೋಸ ಮಾಡುತ್ತಿರಲಿಲ್ಲ.

ಇಷ್ಟೆಲ್ಲ ಅಭಿಪ್ರಾಯ ಹೊಟ್ಟೆಯಲ್ಲಿ ಇಟ್ಟುಕೊಂಡು ನಾನು ಕಬ್ಬು ಹಿಂಡುತ್ತಿದ್ದೆ. ಚೇಚ್ಚಿಯ ಅಂಗಡಿಯಲ್ಲಿ ಭಾನುವಾರಕ್ಕೊಮ್ಮೆ ಕಾಮಿಕ್ಸು ಓದುವವರ ಕೂಟ ಸೇರುತ್ತದೆ. ಕಾಲೇಜಿನವರು, ಬ್ಯಾಂಕಿನವರು, ಒಬ್ಬ ದಂತವೈದ್ಯ. ಪ್ರತಿ ಭಾನುವಾರ ನಾನು ತಟ್ಟೆಯಲ್ಲಿ ಗ್ಲಾಸು ಇಟ್ಟುಕೊಂಡು ಒಳಗೆ ಹೋಗಿ, ಹಂಚಿ, ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ. ಅವರ ಮಾತಿಗೆ ನನ್ನ ನಾಲಗೆ ತುದಿಯಲ್ಲಿ ಉತ್ತರ ಇರುತ್ತಿತ್ತು. ಆದರೆ ಯಾರಾದರೂ ಕೇಳಬೇಕಲ್ಲ. "ಥ್ಯಾಂಕ್ಯೂ ಭಾಯಿ" ಅನ್ನುತ್ತಿದ್ದರು. ನನಗೆ ಬೇಕಾದದ್ದು ಒಂದೇ: ಆ ಕೂಟದಲ್ಲಿ ನನ್ನ ಮಾತೂ ಒಂದು ಮಾತು ಅನ್ನಿಸಿಕೊಳ್ಳಬೇಕು.

ಮಾಳವ್ವನಿಗೆ ನನ್ನ ಸಂಕಟ ಸಾಕಾಗಿಹೋಗಿತ್ತು. "ನನ್ನ ಮುಂದ ತಾಸಗಟ್ಲೆ ಭಾಷಣಾ ಹೊಡೀತೀರಿ. ಅಂವಾ ಹಂಗ ಹಾರಬಾರದಿತ್ತು, ಹಿಂಗ ಬೀಳಬೇಕಿತ್ತು ಅಂತ. ನಾ ಏನ ಅವನ ಚಿತ್ರಾ ತಗದೇನೇನ? ಹೋಗಿ ಅವರ ಮುಂದ ಹೇಳ್ರಿ."

"ಅವರು ಕರೀಬೇಕಲ್ಲ?"

"ಕರದ್ರಷ್ಟ ಹೋಗಾಕ ನೀವೇನ ಮದಿಮಗನ?"

ಹೋದ ವರ್ಷ ಮಳೆ ಮುಗಿದ ಮೇಲೆ ಒಂದು ಭಾನುವಾರ ಕಡಲ್‌ಕಾಕ್ಕನ ಹೊಸ ಪುಸ್ತಕ ಬರುವುದಿತ್ತು. ವಿನೀತ್ ತಾನೇ ಬಂದು ಓದುತ್ತಾನೆ ಅಂತ ಚೇಚ್ಚಿ ಗೋಡೆಗೆ ಬಿಳಿ ಪಂಜೆ ಕಟ್ಟಿ, ಅದರ ಮೇಲೆ ಚಿತ್ರ ಬೀಳುವಂತೆ ಮಾಡಿದ್ದಳು. ಹುಡುಗ ಚೆನ್ನಾಗಿ ಓದುತ್ತಿದ್ದ, ಒಬ್ಬೊಬ್ಬರಿಗೆ ಒಂದೊಂದು ದನಿ. ನಾನು ಖಾಲಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಕಥೆ ಹೀಗಿತ್ತು. ದೂರದ ಬೆಟ್ಟದ ಊರಲ್ಲಿ ಆಣೆಕಟ್ಟು ಬಿರುಕು ಬಿಟ್ಟಿದೆ. ಕಡಲ್‌ಕಾಕ್ಕನಿಗೆ ಕರೆ ಬರುತ್ತದೆ. ಅಲ್ಲಿ ಉಪ್ಪುನೀರಿಲ್ಲ, ಹಾರಲು ಬರುವುದಿಲ್ಲ ಅಂತ ಗೊತ್ತಿದ್ದೂ ಅವನು ಬಸ್ಸು ಹತ್ತುತ್ತಾನೆ. ಚಳಿಯ ಊರು. ಉಡುಪಿನ ಮೇಲೆ ಹಳೆ ಸ್ವೆಟರ್. ಅವನನ್ನು ಕಂಡವರು ಯಾವುದೋ ಅಂಗಡಿಯ ಜಾಹೀರಾತಿನವನು ಅಂತ ನಗುತ್ತಾರೆ. ಚಹಾದ ಅಂಗಡಿಗೆ ಹೋಗುತ್ತಾನೆ. ಚಹಾದವನು ಅವನ ಮುಖವನ್ನೂ ನೋಡದೆ ಕೇಳುತ್ತಾನೆ: "ನಾಟಿಲ್ ಎವಿಡೆಯಾ?" ನಿನ್ನ ಊರು ಯಾವುದು ಅಂತ. ಮುಂದಿನ ಪುಟದ ತುಂಬ ಒಂದೇ ಚಿತ್ರ, ಕೈಯಲ್ಲಿ ಚಹಾದ ಗ್ಲಾಸು ಹಿಡಿದ ಹೀರೋನ ಮುಖ. ಕಡಲ್‌ಕಾಕ್ಕ ಅಂತ ಅವನು ಹೇಳುವುದಿಲ್ಲ. "ವೈಪಿನ್" ಅನ್ನುತ್ತಾನೆ. ಅಷ್ಟೇ.

ನನ್ನ ಕಾಲುಗಳು ತಾವಾಗಿ ನಡೆದವು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಣ್ಣಾಟ ನಡೆದಾಗ ಪಾತ್ರಧಾರಿಯ ಒಂದು ಮಾತು ಎದೆಗೆ ತಾಗಿತು ಅಂದರೆ ನಾವು ಸುಮ್ಮನೆ ಕುಳಿತಿರುವುದಿಲ್ಲ. ಎದ್ದು ಹೋಗಿ ಅವನ ಅಂಗಿಗೆ ಪಿನ್ನಿನಿಂದ ಒಂದು ನೋಟು ಚುಚ್ಚುತ್ತೇವೆ. ಅದೇ ಆಹೇರಿ. ಎತ್ತಿದ ಕೈ ಎತ್ತಿದ ಹಾಗೇ ಪಾತ್ರಧಾರಿ ನಿಲ್ಲುತ್ತಾನೆ, ಇಂಥ ಊರಿನ ಇಂಥವರ ಆಹೇರಿ ಅಂತ ಕೂಗುತ್ತಾರೆ, ಬಿಟ್ಟ ಮಾತಿನಿಂದಲೇ ಆಟ ಮುಂದುವರಿಯುತ್ತದೆ. ಅಡ್ಡ ಬಂದರು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಯಾರೂ ಏಳದಿದ್ದರೆ ಆಟ ಸಪ್ಪೆ ಆಯಿತು ಅನ್ನುತ್ತಾರೆ.

ನನ್ನ ಅಂಗಿಯ ಎದೆಯ ಗುಂಡಿ ಹೋಗಿ, ಮಾಳವ್ವ ಪಿನ್ನು ಹಾಕಿಕೊಟ್ಟಿದ್ದಳು. ಅದನ್ನೇ ಬಿಚ್ಚಿದೆ. ಈಗ ಎಲ್ಲರೂ ಫೋನಿನಲ್ಲಿ ಸ್ಕ್ಯಾನ್ ಮಾಡುವವರು, ನೋಟು ಸಿಗುವುದೇ ಅಪರೂಪ. ಕಿಸೆಯಲ್ಲಿ ಪುಣ್ಯಕ್ಕೆ ಒಂದಿತ್ತು. ಖುರ್ಚಿಗಳ ನಡುವೆ ನುಗ್ಗಿ ಹೋಗಿ ವಿನೀತನ ಅಂಗಿಗೆ ಚುಚ್ಚಿ, ಹೊರಳಿ ನಿಂತು ಕೂಗಿದೆ:

"ಕುಲಗೋಡ ಬೀರಪ್ಪನ ಕಡಿಯಿಂದ ಕಡಲ್‌ಕಾಕ್ಕಗ ಆಹೇರಿ!"

ವಿನೀತ್ ಎದೆಯ ಮೇಲಿನ ನೋಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ದಂತವೈದ್ಯರು "ಕ್ಯಾ ಹುವಾ, ಭಾಯಿ?" ಅಂದರು. ಸೂಸಿ ಚೇಚ್ಚಿ ಕನ್ನಡಕ ಏರಿಸಿ, "ಚಿಲ್ಲರೆ ಆಮೇಲೆ ಕೊಟ್ಟರಾಗುತ್ತಿತ್ತಲ್ಲ, ಈ ಹುಡುಗನಿಗೆ ಯಾಕೆ ಚುಚ್ಚಿದೆ?" ಅಂದಳು. (ಅವರ ಮಾತನ್ನೆಲ್ಲ ಇನ್ನು ಕನ್ನಡದಲ್ಲೇ ಹೇಳುತ್ತೇನೆ.) ಪಿನ್ನು ಹೋದ ಅಂಗಿ ಬಾಯಿ ತೆರೆದುಕೊಂಡು ನನ್ನ ಬನಿಯನ್ ಎಲ್ಲರಿಗೂ ಕಾಣುತ್ತಿತ್ತು.

ಆಗ ಅರಿವಾಯಿತು, ನಾನು ಎಲ್ಲಿದ್ದೇನೆ ಅಂತ. ಓಡಿಹೋಗಬೇಕೆನಿಸಿತು. ಆದರೆ ಎಲ್ಲಿಗೆ ಓಡಲಿ? ಬಾಗಿಲ ಹೊರಗೆ ನಿಂತಿದ್ದೇ ನನ್ನ ಗಾಡಿ. ಹುಡುಗನ ಮುಖ ಬೇರೆ ಕೆಂಪಾಗಿತ್ತು. ತನ್ನನ್ನು ಗೇಲಿ ಮಾಡಿದೆ ಅಂತ ಅವನು ತಿಳಿದರೆ? ಆ ಒಂದು ಅಂಜಿಕೆಗೆ ಬಾಯಿ ಬಿಟ್ಟೆ. ಮಲಯಾಳದಲ್ಲಿ.

"ನಮ್ಮ ಊರಿನಲ್ಲಿ ಮನಸ್ಸು ತುಂಬಿದರೆ ಹೀಗೆ ಮಾಡುತ್ತಾರೆ. ಚಿಲ್ಲರೆ ಅಲ್ಲ, ಮರ್ಯಾದೆ. ಈ ಪುಟಕ್ಕೆ. ಅವನಿಗೆ ಇಲ್ಲಿ ಹಾರಲು ಬರುವುದಿಲ್ಲ, ಯಾರಿಗೂ ಅವನು ಗೊತ್ತಿಲ್ಲ. ಆದರೂ ಕೇಳಿದಾಗ ದೊಡ್ಡ ಹೆಸರು ಹೇಳಲಿಲ್ಲ, ಊರು ಹೇಳಿದ. ನನ್ನನ್ನೂ... ಯಾರೂ ಕೇಳಿಲ್ಲ ಇನ್ನೂ. ನನ್ನ ಹೆಸರು ಬೀರಪ್ಪ. ಕುಲಗೋಡ."

ಮಾತು ಎಷ್ಟು ಕಡೆ ಮುರಿಯಿತೋ ಗೊತ್ತಿಲ್ಲ. ಯಾರೂ ಹಿಂದಿ ಭಾಷೆಗೆ ಹೊರಳಲಿಲ್ಲ. ವಿನೀತ್ ನೋಟನ್ನು ಅಂಗೈಯಿಂದ ಮುಚ್ಚಿ ಹಿಡಿದುಕೊಂಡು, "ಈಗ ನಾನು ಏನು ಮಾಡಬೇಕು?" ಅಂತ ಮೆಲ್ಲಗೆ ಕೇಳಿದ.

"ಬಿಟ್ಟಲ್ಲಿಂದ ಓದಬೇಕು. ಕೊಟ್ಟವನು ಒನ್ಸ್ ಮೋರ್ ಅಂದರೆ, ಅದನ್ನೇ ಇನ್ನೊಮ್ಮೆ."

"ನೀವು ಅನ್ನುತ್ತೀರಾ?"

"ಒನ್ಸ್ ಮೋರ್!" ಅಂದೆ, ಕುಲಗೋಡದ ಗಂಟಲಿನಲ್ಲಿ.

ಅವನು ಚಹಾದ ಅಂಗಡಿಯಿಂದ ಮತ್ತೆ ಓದಿದ. ಈ ಸಲ ಇನ್ನೂ ಚೆನ್ನಾಗಿ. ಪುಸ್ತಕ ಮುಗಿದ ಮೇಲೆ ಮಾತು ಶುರುವಾಯಿತು, ಮತ್ತು ದಂತವೈದ್ಯರು ನನ್ನ ಕಡೆ ಹೊರಳಿ, "ಬೀರಪ್ಪ, ಉಳಿದದ್ದು ಹೇಗಿತ್ತು?" ಅಂದರು. ಕಟ್ಟಿಟ್ಟ ನೀರು ಬಿಟ್ಟಂತಾಯಿತು. ಹೇಳಿದೆ. ಹೀರೋ ಸರಿ, ಆದರೆ ಖಳನಾಯಕ ಸರಿಯಿಲ್ಲ. ಆಣೆಕಟ್ಟು ಒಡೆಯಲು ಬಂದವನ ಬಾಲ್ಯಕ್ಕೆ ನಾಲ್ಕು ಪುಟ ಯಾಕೆ? ಅವನ ಅಪ್ಪ ಹೊಡೆದ, ಅವನ ನಾಯಿ ಸತ್ತಿತು. ಈಗಿನ ಎಲ್ಲ ಕಾಮಿಕ್ಸಿನಲ್ಲೂ ಇದೇ ಅಳು. ಖಳನಾಯಕ ಖಳನಾಯಕನಾಗಿ ಬಂದು ಹೊಡೆತ ತಿಂದು ಹೋಗಬೇಕು.

"ತೆಟ್ಟ್!" ಅಂತ ಮೇಜು ಕುಟ್ಟಿದಳು ಸೂಸಿ ಚೇಚ್ಚಿ.

ತೆಟ್ಟ್ ಅಂದರೆ ತಪ್ಪು.

"ಆ ನಾಲ್ಕು ಪುಟದಲ್ಲಿ ಅವನ ಊರು ಮುಳುಗಿದ್ದು ನೋಡಲಿಲ್ಲವಾ? ಅದೇ ಆಣೆಕಟ್ಟಿನ ನೀರಲ್ಲಿ. ನಾಯಿ ಸತ್ತದ್ದು ಮಾತ್ರ ಕಂಡಿತಾ ನಿನಗೆ? ಊರು ಹೇಳುವವನಿಗೆ ಪುಟ ತುಂಬ ಚಿತ್ರ ಬೇಕು, ಊರು ಕಳೆದುಕೊಂಡವನಿಗೆ ನಾಲ್ಕು ಪುಟ ಹೆಚ್ಚಾಯಿತಾ? ಮನೆಗೆ ಹೋಗಿ ಇನ್ನೊಮ್ಮೆ ಓದು, ಬೀರಪ್ಪ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಳುಗಿದ ಊರಿನ ಪುಟದಲ್ಲಿ ಮಾತು ಕಡಿಮೆ, ಸಪ್ಪಳ ಒಂದೂ ಇಲ್ಲ. ಪಂಜೆಯ ಮೇಲೆ ಅದು ಬಂದಾಗ ನಾನು ಸರಿಯಾಗಿ ನೋಡಿರಲಿಲ್ಲ. ಚೇಚ್ಚಿ ಹೇಳಿದ್ದೇ ಖರೆ. ಆದರೆ ನನಗೆ ಆದ ಖುಷಿ ಬೇರೆಯದು. ಇಷ್ಟು ವರ್ಷ ಈ ಊರಿನವರು ನನಗೆ ಬರೀ ಥ್ಯಾಂಕ್ಯೂ ಹೇಳಿದ್ದರು. ನೀನು ಹೇಳಿದ್ದು ತಪ್ಪು ಅಂತ, ಹೆಸರು ಹಿಡಿದು, ಅವರದೇ ಭಾಷೆಯಲ್ಲಿ ಬೈದದ್ದು ಅದೇ ಮೊದಲು. ಖೋಲಿಗೆ ಹೋಗಿ ಮಾಳವ್ವನಿಗೆ ಹೇಳಿದರೆ, ಅವಳು ನನ್ನ ಎದೆಯನ್ನೇ ನೋಡುತ್ತಿದ್ದಳು.

"ಬೈಸ್ಕೊಂಡ ಬಂದ ಇಷ್ಟ ಖುಷಿ ಪಡೂ ಗಂಡಸನ್ನ ನಾ ಎಲ್ಲೂ ಕಂಡಿಲ್ಲ. ಅದಿರ್ಲಿ, ನನ್ನ ಪಿನ್ನ ಎಲ್ಲಿ?"

ಈಗ ಭಾನುವಾರ ನನಗೊಂದು ಖುರ್ಚಿ ಇರುತ್ತದೆ. ಚೇಚ್ಚಿ ಒಂದು ಡಬ್ಬಿಯಲ್ಲಿ ಪಿನ್ನುಗಳನ್ನೇ ಇಟ್ಟಿದ್ದಾಳೆ. ಯಾರ ಓದು ಚಲೋ ಆಯಿತೋ ಅವರಿಗೆ ಬೋಟಿನ ಹಳೆ ಟಿಕೇಟನ್ನಾದರೂ ಚುಚ್ಚುತ್ತಾರೆ. ಆಹೇರಿ ಅನ್ನಲು ಅವರಿಗೆ ಬರುತ್ತದೆ. ಆದರೆ ಕೂಗುವಾಗ ದನಿ ಸಾಲದು. ಅದನ್ನು ಇನ್ನೂ ಕಲಿಸುತ್ತಿದ್ದೇನೆ.

ಈ ಬೇಸಿಗೆಯಲ್ಲಿ ಊರಿಗೆ ಹೊರಟೆ. ಮಾಳವ್ವ ಮೊದಲೇ ಹೋಗಿದ್ದಳು. ನಾನು ಪರಿಚಯದ ಲಾರಿಯಲ್ಲಿ ಬಂದು ಹತ್ತರಗಿಯಲ್ಲಿ ಇಳಿದೆ. ಯಲ್ಲಪ್ಪನನ್ನು ನೋಡಿ, ಅಲ್ಲಿಂದ ಗೋಕಾಕ, ಗೋಕಾಕದಿಂದ ಕುಲಗೋಡದ ಬಸ್ಸು ಅಂತ ಲೆಕ್ಕ. ಒಣ ಗಾಳಿ ಮುಖಕ್ಕೆ ಬಡಿದದ್ದೇ ಎದೆ ಹಗುರಾಯಿತು. ಐದು ನಿಮಿಷಕ್ಕೆ ತುಟಿ ಬಿರಿಯಿತು. ಬಾಯಾರಿ ನೀರು ಕೇಳಿದೆ. ಯಲ್ಲಪ್ಪ ಕೊಡದಿಂದ ತಣ್ಣೀರು ಕೊಟ್ಟ, ನಾನು ಅದರ ಬಣ್ಣ ನೋಡುತ್ತ ನಿಂತೆ.

"ಯಾಕೋ, ನೀರಾಗ ಏನ ಬಿದ್ದೈತಿ?"

"ಏನೂ ಇಲ್ಲೋ. ಏನೂ ಬಿದ್ದಿಲ್ಲ."

ಅಂಗಡಿಯ ಮುಂದೆ ಬೇವಿನ ನೆರಳಲ್ಲಿ ಐದಾರು ಜನ ಗಾಲಿ ಬಿಚ್ಚಿಸಿಕೊಂಡು ಕುಳಿತಿದ್ದರು: ಒಬ್ಬ ಲಾರಿಯವ, ಹಾಲಿನ ಕ್ಯಾನಿನ ಗಾಡಿಯವರು, ನಿಡಸೋಸಿ ಕಾಲೇಜಿನ ಒಬ್ಬ ಮೇಷ್ಟ್ರು. ಯಲ್ಲಪ್ಪ ಟ್ಯೂಬು ನೀರಲ್ಲಿ ಮುಳುಗಿಸುತ್ತಲೇ, "ತಂದಿಯೇನ? ತಗಿ, ಓದ" ಅಂದ. ಚೀಲದಿಂದ ಕಡಲ್‌ಕಾಕ್ಕನನ್ನು ತೆಗೆದೆ. ಮಲಯಾಳದ ಪುಟ ನೋಡಿಕೊಂಡು ನಮ್ಮ ಮಾತಿನಲ್ಲಿ ಓದುತ್ತ ಹೋದೆ. ಯಲ್ಲಪ್ಪ ಹೂಂಗುಟ್ಟಿದ. ಒಂದು ಕಡೆ ಬಾಯಿ ತಪ್ಪಿ "ಮದಿ" ಅಂದುಬಿಟ್ಟೆ. ಮಲಯಾಳದಲ್ಲಿ ಸಾಕು ಅಂತ. ಮೇಷ್ಟ್ರು ತಿರುಗಿ ನೋಡಿದರು. ಚಹಾದ ಅಂಗಡಿ ಬಂತು, ಚಹಾದವನು ಊರು ಕೇಳಿದ, ಹೀರೋ "ವೈಪಿನ್" ಅಂದ. ಕೊನೆಗೆ ಅವನು ಬೆಟ್ಟದ ಊರಲ್ಲಿಯೇ ಆಣೆಕಟ್ಟು ಕಾಯುತ್ತ ಉಳಿಯುತ್ತಾನೆ.

"ಮುಂದಿನ ಪುಸ್ತಕದಾಗ ಅಂವಾ ಹೊಳ್ಳಿ ಹೋಗಬೇಕಪಾ," ಅಂದ ಯಲ್ಲಪ್ಪ. "ಹಾರಾಕ ಬರೂದ ಅಲ್ಲೆ. ಇಲ್ಲೆ ಇದ್ದ ಏನ ಮಾಡ್ತಾನ?"

"ತೆಟ್ಟ್!" ಅಂದೆ. "ಅಲ್ಲ, ತಪ್ಪೋ. ಇಲ್ಲೆ ಅವಗ ಕೆಲಸ ಐತಿ. ಚಾದಂವಾ ದೋಸ್ತ ಆಗ್ಯಾನ. ಬರಬರತಾ ಚಳೀನೂ ಸೇರಾಕತ್ತೈತಿ. ಹೆಂಗ ಬಿಟ್ಟ ಹೊಕ್ಕಾನ?"

ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಯಲ್ಲಪ್ಪ ಟ್ಯೂಬು ಕೆಳಗಿಟ್ಟ. ಆಮೇಲೆ ಒದ್ದೆ ಕೈ ಒರೆಸಿಕೊಂಡು ಎದ್ದ. ಗೋಡೆಗೆ ತೂಗುಹಾಕಿದ ದೇವರ ಫೋಟೋದ ಹಿಂದಿನಿಂದ ಪಿನ್ನು ತೆಗೆದ. ನನ್ನ ಅಂಗಿಗೆ ಒಂದು ನೋಟು ಚುಚ್ಚಿ, ಹೈವೇ ಕಡೆ ಹೊರಳಿ, ಲಾರಿಗಳ ಸಪ್ಪಳವನ್ನೂ ಮೀರಿಸಿ ಕೂಗಿದ:

"ಕೊಚ್ಚಿ ಬೀರಪ್ಪನ ಓದಿಗಿ ಹತ್ತರಗಿ ಯಲ್ಲಪ್ಪನ ಆಹೇರಿ!"

"ಲೇ," ಅಂದೆ, "ಕುಲಗೋಡ ಅನ್ನೋ. ಕುಲಗೋಡ ಬೀರಪ್ಪ."

"ಕೂಗಿದ್ದ ಆತು. ಒನ್ಸ್ ಮೋರ್!"

ಕುಳಿತವರೆಲ್ಲ "ಒನ್ಸ್ ಮೋರ್" ಅಂದರು, ಮೇಷ್ಟ್ರೂ ಸೇರಿ. ಆಹೇರಿ ಕೊಟ್ಟವನು ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ಚಹಾದ ಅಂಗಡಿಯಿಂದ ಮತ್ತೆ ಓದಿದೆ. ಎದೆಯ ಮೇಲೆ ನೋಟು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಚಹಾದವನು ಮುಖ ನೋಡದೆ ಕೇಳಿದ, ನಿನ್ನ ಊರು ಯಾವುದು. ನಾನು ಪುಟ ಹೊರಳಿಸಿದೆ. ಪುಟದ ತುಂಬ ಆ ಮುಖ, ಕೈಯಲ್ಲಿ ಗ್ಲಾಸು.

"ಕುಲಗೋಡ," ಅಂದ ಕಡಲ್‌ಕಾಕ್ಕ.

ಯಲ್ಲಪ್ಪ ಹೂಂ ಅನ್ನುವುದನ್ನು ನಿಲ್ಲಿಸಿದ. "ಏ, ಮದಲ ಬ್ಯಾರೆ ಊರ ಹೇಳಿದ್ನಲ್ಲೋ ಅಂವಾ?"

"ಎರಡೂ ಬರದೈತಿ," ಅಂದೆ. "ಓದಾಕ ಬಿಡ."